ಸರ್ವರ್ ಮೆಮೊರಿ

ಸರ್ವರ್ ಮೆಮೊರಿ: ಒಂದೇ ಹೊತ್ತಿಗೆ ಹಲವರ ಕೆಲಸ ಮಾಡಿಕೊಡುವ ಕಂಪ್ಯೂಟರಿನಲ್ಲಿ, ಆ ಕ್ಷಣಕ್ಕೆ ಬೇಕಾದ ಮಾಹಿತಿಯನ್ನು ಹಿಡಿದಿಡುವ ರ್ಯಾಮ್ ಪಟ್ಟಿಗಳು. ವಿದ್ಯುತ್ ಹೋದರೆ ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯ ಬಹಳಷ್ಟು ರೈತರಿಗೆ ಸರ್ವರಿನ ನಂಟು ಬೆಳೆದದ್ದು ಉತಾರದಿಂದ, ಅಂದರೆ ಜಮೀನಿನ ಪಹಣಿಯಿಂದ. ಕಂಪ್ಯೂಟರ್ ಬರುವ ಮೊದಲು ಉತಾರವೆಂದರೆ ತಲಾಠಿಯ, ಅಂದರೆ ಗ್ರಾಮ ಲೆಕ್ಕಿಗನ, ಕೈಬರಹ. 2002ರ ಹೊತ್ತಿಗೆ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ 177 ತಾಲೂಕುಗಳ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿಗೆ ಮುದ್ರಿತ ಪ್ರತಿ ಕೈಗೆ ಬಂತು.

ಇಂಥ ದಾಖಲೆಗೆ ಮೆಮೊರಿಯ ಗಾತ್ರಕ್ಕಿಂತ ನಿಖರತೆ ದೊಡ್ಡದು. ಅಕ್ಷರ, ಅಂಕಿಗಳನ್ನು ಬಿಟ್‌ಗಳಾಗಿ ಬರೆಯುವ ಆಸ್ಕಿ ಸಂಕೇತದಲ್ಲಿ 3 ಎಂಬ ಅಂಕಿ 00110011, 7 ಎಂಬುದು 00110111. ನಡುವೆ ಇರುವ ವ್ಯತ್ಯಾಸ ಒಂದೇ ಬಿಟ್. ಅದೊಂದು ತಿರುಗಿ ಹಾಗೆಯೇ ಡಿಸ್ಕಿಗೆ ಬರೆಯಲ್ಪಟ್ಟರೆ 3 ಗುಂಟೆ 7 ಗುಂಟೆಯಾಗುತ್ತದೆ. ಬದುವಿನ ಜಗಳಕ್ಕೆ ಅಷ್ಟು ಸಾಕು.

ಐಬಿಎಂನ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ರೂಪಿಸಿದ, ಸರ್ವರ್ ಪಟ್ಟಿಗಳಲ್ಲಿ ಬಳಸುವ ಡಿರ್ಯಾಮ್ ಎಂಬ ಮೆಮೊರಿಯಲ್ಲಿ ಪ್ರತಿ ಬಿಟ್ಟೂ ಪುಟ್ಟ ಕೆಪಾಸಿಟರಿನ ವಿದ್ಯುದಂಶವಾಗಿ ನಿಲ್ಲುತ್ತದೆ. ಸೋರಿಹೋಗದಂತೆ ಅದನ್ನು ಮತ್ತೆ ಮತ್ತೆ ತುಂಬುತ್ತಿರಬೇಕು. 1970ರಲ್ಲಿ ಬಂದ ಇಂಟೆಲ್ 1103 ಚಿಪ್ ಹಿಡಿಯುತ್ತಿದ್ದದ್ದು 1,024 ಬಿಟ್. ಚಿಪ್ಪಿನ ಹೊದಿಕೆಯಲ್ಲಿ ಲೇಶಮಾತ್ರ ಇದ್ದ ವಿಕಿರಣ ಧಾತುಗಳ ಆಲ್ಫಾ ಕಣಗಳೇ ಬಿಟ್‌ಗಳನ್ನು ತಿರುಗಿಸುತ್ತಿವೆ ಎಂದು ಇಂಟೆಲ್ ಸಂಶೋಧಕರು 1970ರ ದಶಕದ ಕೊನೆಯಲ್ಲಿ ತೋರಿಸಿದರು. ಪರಿಹಾರದ ಗಣಿತ ಅದಕ್ಕೂ ಮೊದಲೇ ಸಿದ್ಧವಿತ್ತು: 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ ದೋಷ ತಿದ್ದುವ ಸಂಕೇತ. ಅದನ್ನೇ ವಿಸ್ತರಿಸಿದ ಇಸಿಸಿ ಮೆಮೊರಿ 64 ಬಿಟ್ ಮಾಹಿತಿಗೆ 8 ಬಿಟ್ ಕಾವಲು ಸೇರಿಸಿ, ಒಂದು ತಪ್ಪನ್ನು ತಿದ್ದುತ್ತದೆ, ಎರಡನ್ನು ಪತ್ತೆಹಚ್ಚುತ್ತದೆ. ಇದು ಅತಿಜಾಗ್ರತೆಯಲ್ಲ. ಗೂಗಲ್ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 8ಕ್ಕೂ ಹೆಚ್ಚು ಪಟ್ಟಿಗಳು ವರ್ಷಕ್ಕೊಮ್ಮೆಯಾದರೂ ತಪ್ಪಿದ್ದವು.

ಭೂಮಿ ಆರಂಭವಾದ ಕಾಲದಲ್ಲಿ 168 ಪಿನ್‌ಗಳ ಎಸ್‌ಡಿರ್ಯಾಮ್ ಎಂಬ ಬಗೆಯ ಡಿರ್ಯಾಮ್ ಪಟ್ಟಿ ಬಳಕೆಯಲ್ಲಿತ್ತು. ಆಮೇಲೆ ಅದರ ಮುಂದಿನ ಪೀಳಿಗೆಗಳಾದ ಡಿಡಿಆರ್ 184, ಡಿಡಿಆರ್2 ಮತ್ತು ಡಿಡಿಆರ್3 240, ಡಿಡಿಆರ್4 288 ಪಿನ್‌ಗಳೊಂದಿಗೆ ಬಂದವು. 2020ರಲ್ಲಿ ಮಾನಕವಾದ ಡಿಡಿಆರ್5ಕ್ಕೂ 288 ಪಿನ್‌ಗಳೇ. ಆದರೆ ಕಚ್ಚಿನ ಜಾಗ ಬೇರೆ, ಒಂದರ ಸ್ಲಾಟಿಗೆ ಇನ್ನೊಂದು ಕೂರದು.

ಜೋಡಣೆಯಲ್ಲಿ ಎಡವುವವರು ಬಹಳ. ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಹಾದಿಗಳು ಚಾನೆಲ್‌ಗಳು. ಇದ್ದ ಪಟ್ಟಿಗಳನ್ನೆಲ್ಲ ಒಂದೇ ಚಾನೆಲಿಗೆ ತುರುಕಿದರೆ ಉಳಿದ ಹಾದಿಗಳು ಖಾಲಿ ಬಿದ್ದಿರುತ್ತವೆ, ವೇಗ ಕುಸಿಯುತ್ತದೆ. ಒಂದೇ ಗಾತ್ರದ, ಒಂದೇ ಬಗೆಯ ಪಟ್ಟಿಗಳನ್ನು ಎಲ್ಲ ಚಾನೆಲ್‌ಗಳಿಗೂ ಸಮನಾಗಿ ಹಂಚಬೇಕು. ಆದೇಶದ ಸಂಕೇತಗಳನ್ನು ನಡುವೆ ಹಿಡಿದು ಬಲಪಡಿಸುವ ಚಿಪ್ ಇರುವ ಆರ್‌ಡಿಮ್ ಹಾಗೂ ಅದಿಲ್ಲದ ಯುಡಿಮ್ ಒಂದೇ ಸರ್ವರಿನಲ್ಲಿ ಬೆರೆಯುವುದಿಲ್ಲ. ಮಿರರಿಂಗ್ ಆಯ್ಕೆ ಮಾಡಿದರೆ ಪ್ರತಿ ಮಾಹಿತಿಗೂ ಎರಡು ಪ್ರತಿ ಉಳಿಯುತ್ತದೆ, ಬಳಕೆಗೆ ಸಿಗುವುದು ಅರ್ಧ ಮೆಮೊರಿ. ಭೂದಾಖಲೆಯಂಥ ಕೆಲಸದಲ್ಲಿ ಆ ಅರ್ಧವನ್ನು ಬಿಟ್ಟುಕೊಡುವುದು ನಷ್ಟವಲ್ಲ.

ಇಸಿಸಿ ಸದ್ದಿಲ್ಲದೆ ತಿದ್ದುವುದರಿಂದ ಕೆಟ್ಟ ಪಟ್ಟಿ ತಿಂಗಳುಗಟ್ಟಲೆ ಗಮನಕ್ಕೆ ಬಾರದೆ ಇರಬಹುದು. ಸರ್ವರ್ ನೋಡಿಕೊಳ್ಳುವವರು ದೋಷಗಳ ಲಾಗನ್ನು ವಾರಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಒಂದೇ ಸ್ಲಾಟಿನ ಹೆಸರು ಪದೇಪದೇ ಬಂದರೆ ಆ ಪಟ್ಟಿಯನ್ನು ತಡಮಾಡದೆ ಬದಲಿಸಬೇಕು.