ಸಣ್ಣ ವಿಮಾನಗಳ ಹಾರಾಟ ತರಬೇತಿ: ಅಭ್ಯಾಸಕ್ಕೆ ತಕ್ಕ ಎಂಜಿನ್ ಶಕ್ತಿಯ ಆಯ್ಕೆ

ತಿಕೋಟಾ, ಬಬಲೇಶ್ವರ ಹಾಗೂ ವಿಜಯಪುರ ತಾಲ್ಲೂಕುಗಳಿಂದ ವೈಮಾನಿಕ ತರಬೇತಿಗೆ ಅರ್ಜಿ ಸಲ್ಲಿಸಬಯಸುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆಯು ಬೆಂಗಳೂರಿನ ಜಕ್ಕೂರಿನಲ್ಲಿದೆ. ಬೆಳಗಾವಿ ಹಾಗೂ ಕಲಬುರಗಿ ನಿಲ್ದಾಣಗಳಲ್ಲಿ ತರಬೇತಿ ಸಂಸ್ಥೆಗಳಿಗೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಅವಕಾಶ ಕಲ್ಪಿಸಿತು.

1. ಶಕ್ತಿಯ ಆಯ್ಕೆ ಎಂದರೇನು?
ಸೆಸ್ನಾ 152 ಮಾದರಿಯ ತರಬೇತಿ ವಿಮಾನದ ಎಂಜಿನ್ 2550 ಆರ್‌ಪಿಎಂನಲ್ಲಿ 110 ಅಶ್ವಶಕ್ತಿ ನೀಡುತ್ತದೆ. ಅದರ ಪ್ರೊಪೆಲ್ಲರ್ ಅಲಗುಗಳ ಕೋನ ಬದಲಾಗುವುದಿಲ್ಲ. ಆದ್ದರಿಂದ ಥ್ರಾಟಲ್ ಮುಟ್ಟದಿದ್ದರೂ ವಿಮಾನದ ವೇಗ ಹೆಚ್ಚಿದಂತೆ ಆರ್‌ಪಿಎಂ ಏರುತ್ತದೆ, ವೇಗ ತಗ್ಗಿದಂತೆ ಇಳಿಯುತ್ತದೆ. ಮೊದಲು ಮೂತಿಯ ಸ್ಥಿತಿ ಮತ್ತು ಅಂದಾಜು ಶಕ್ತಿಯನ್ನು ಹೊಂದಿಸಿ, ವೇಗ ಸ್ಥಿರವಾದ ನಂತರ ಆರ್‌ಪಿಎಂ ಅನ್ನು ಪುನಃ ಸರಿಪಡಿಸತಕ್ಕದ್ದು.

2. ಅಭ್ಯಾಸವಾರು ವಿವರ
(ಅ) ನಿಧಾನಗತಿಯ ಹಾರಾಟ: ವೇಗ ತಗ್ಗಿಸಲು ಶಕ್ತಿಯನ್ನು ಇಳಿಸಬೇಕು. ಆದರೆ ಅತಿ ಕಡಿಮೆ ವೇಗದಲ್ಲಿ ಗಾಳಿಯ ತಡೆ ಹೆಚ್ಚುವುದರಿಂದ, ಎತ್ತರ ಉಳಿಸಿಕೊಳ್ಳಲು ಶಕ್ತಿಯನ್ನು ಮತ್ತೆ ಏರಿಸಬೇಕಾಗುತ್ತದೆ.
(ಆ) ಕಡಿದಾದ ತಿರುವು: ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿ ತಿರುಗುವಾಗ ರೆಕ್ಕೆಗಳ ಮೇಲಿನ ಹೊರೆ 1.41 ಪಟ್ಟಾಗುತ್ತದೆ. ಸ್ಟಾಲ್ ಆಗುವ ವೇಗವೂ ಸುಮಾರು ಶೇ. 19ರಷ್ಟು ಏರುತ್ತದೆ. ಆದುದರಿಂದ ವೇಗ ಕುಗ್ಗದಂತೆ ಶಕ್ತಿಯನ್ನು ಸ್ವಲ್ಪ ಹೆಚ್ಚಿಸತಕ್ಕದ್ದು.
(ಇ) ಸ್ಟಾಲ್ ಅಭ್ಯಾಸ: ರೆಕ್ಕೆಯ ಎತ್ತುವ ಬಲ ಕುಸಿಯುವುದೇ ಸ್ಟಾಲ್. ಇಳಿಯುವಾಗಿನ ಸ್ಥಿತಿಯನ್ನು ಅಭ್ಯಸಿಸಲು ಥ್ರಾಟಲ್ ಅನ್ನು ಪೂರ್ಣ ಹಿಂದಕ್ಕೆಳೆಯಲಾಗುತ್ತದೆ. ಕಾರ್ಬ್ಯುರೇಟರ್ ಇರುವ ಎಂಜಿನ್‌ನಲ್ಲಿ ಅದಕ್ಕೂ ಮುನ್ನ ಕಾರ್ಬ್ಯುರೇಟರ್ ಹೀಟ್ ಹಾಕತಕ್ಕದ್ದು. ಇಲ್ಲವಾದಲ್ಲಿ ಒಳಗೆ ಹಿಮಗಟ್ಟಿ ಎಂಜಿನ್ ನಿಲ್ಲಬಹುದು. ಚೇತರಿಕೆಯಲ್ಲಿ ಮೊದಲು ಮೂತಿಯನ್ನು ತಗ್ಗಿಸಬೇಕು. ಶಕ್ತಿ ಹೆಚ್ಚಿಸುವುದು ಅದರ ನಂತರದ ಕ್ರಮ. ಶಕ್ತಿಯೊಂದರಿಂದಲೇ ಸ್ಟಾಲ್ ನೀಗುವುದಿಲ್ಲ.

3. ಎತ್ತರ ಮತ್ತು ತಾಪಮಾನ
ಸಮುದ್ರಮಟ್ಟದಿಂದ ಜಕ್ಕೂರು ಸುಮಾರು 3000 ಅಡಿ, ಬೆಳಗಾವಿ ನಿಲ್ದಾಣ 2500 ಅಡಿ ಹಾಗೂ ಕಲಬುರಗಿ ನಿಲ್ದಾಣ 1500 ಅಡಿ ಎತ್ತರದಲ್ಲಿವೆ. ಸಮುದ್ರಮಟ್ಟಕ್ಕೆ ಹೊಂದಿಸಿದ ಎತ್ತರಮಾಪಕವು 5000 ಅಡಿ ತೋರಿಸಿದಾಗ, ಜಕ್ಕೂರಿನಲ್ಲಿ ನೆಲದಿಂದ ಇರುವ ಅಂತರ 2000 ಅಡಿ ಮಾತ್ರ. ಕಲಬುರಗಿಯಲ್ಲಿ 3500 ಅಡಿ. ಸ್ಟಾಲ್ ಅಭ್ಯಾಸಕ್ಕೆ ಈ ವ್ಯತ್ಯಾಸ ಜೀವರಕ್ಷಕವಾದುದು.

ಬಿಸಿಗಾಳಿ ತೆಳುವಾಗಿರುವುದರಿಂದ ಎಂಜಿನ್ ಶಕ್ತಿಯೂ ಕುಗ್ಗುತ್ತದೆ. 40 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಕಲಬುರಗಿಯ ನೆಲಮಟ್ಟದಲ್ಲಿಯೇ ವಿಮಾನವು ಸುಮಾರು 5000 ಅಡಿ ಎತ್ತರದಲ್ಲಿರುವಂತೆ ವರ್ತಿಸುತ್ತದೆ. ಆದಕಾರಣ ಒಂದು ನಿಲ್ದಾಣದಲ್ಲಿ, ಒಂದು ಋತುವಿನಲ್ಲಿ ಕಂಠಪಾಠ ಮಾಡಿದ ಆರ್‌ಪಿಎಂ ಸಂಖ್ಯೆಯನ್ನು ಎಲ್ಲೆಡೆ ಅನ್ವಯಿಸತಕ್ಕದ್ದಲ್ಲ.

4. ಅಭ್ಯರ್ಥಿಗಳ ಗಮನಕ್ಕೆ
ವಿದ್ಯಾರ್ಥಿ ಪೈಲಟ್ ಪರವಾನಗಿಗೆ ಕನಿಷ್ಠ 16 ವರ್ಷ, ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 18 ವರ್ಷ ವಯಸ್ಸು ಹಾಗೂ 200 ಗಂಟೆಗಳ ಹಾರಾಟ ಅಗತ್ಯ. ಪ್ರವೇಶಕ್ಕೆ ಮುನ್ನ ಸಂಸ್ಥೆಯು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮೋದನೆ ಹೊಂದಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಪ್ರತಿ ವಿಮಾನಕ್ಕೂ ಅದರದೇ ಕೈಪಿಡಿಯಿದ್ದು, ಅದರಲ್ಲಿನ ಮಿತಿಗಳು ಹಾಗೂ ಬೋಧಕರ ಸೂಚನೆಯೇ ಅಂತಿಮವಾಗಿರುತ್ತವೆ.