ಅಮೃತಮತಿ ಅವನಲ್ಲಿ ಕಂಡದ್ದೇನು?

ಜನ್ನನ 'ಯಶೋಧರ ಚರಿತೆ' ನೆನಪಿದೆಯಲ್ಲ? 1209ರ ಕಾವ್ಯ. ಉಜ್ಜಯಿನಿಯ ರಾಣಿ ಅಮೃತಮತಿ ಬೆಳಗಿನ ಜಾವ ಗಜಶಾಲೆಯ ಕಡೆಯಿಂದ ಬಂದ ಹಾಡು ಕೇಳಿ ಮನಸೋಲುತ್ತಾಳೆ. ಹಾಡಿದವ ಮಾವುತ ಅಷ್ಟಾವಂಕ. ನೋಡಿಬಂದ ದೂತಿ ಅವನ ಸೊಟ್ಟ ಮೈಯನ್ನು ಬಣ್ಣಿಸಿ ಹೇಸಿಕೊಳ್ಳುತ್ತಾಳೆ. ರಾಣಿ ಮಾತ್ರ ಹಿಂಜರಿಯುವುದಿಲ್ಲ! ಇದೇ ಕಥೆಯನ್ನು ಗಿರೀಶ್ ಕಾರ್ನಾಡರು 1980ರಲ್ಲಿ 'ಹಿಟ್ಟಿನ ಹುಂಜ' ನಾಟಕ ಮಾಡಿದರು.

ಕಾಲೇಜಿನಲ್ಲಿ ನಮಗೆ ಇದನ್ನು ಪಾಠ ಮಾಡಿದ್ದು ಹೀಗೆ: ಹೆಣ್ಣಿನ ಚಪಲ, ವಿಧಿಯಾಟ. ಊನಗೊಂಡ ಮೈಯೂ ಒಬ್ಬರಿಗೆ ಬೇಕೆನಿಸಬಹುದು ಎಂಬ ಮಾತೇ ಬರಲಿಲ್ಲ.

ಯುರೋಪಿನಲ್ಲಿ ಈ ಮಾತು ಹಳತು. 1588ರಲ್ಲಿ ಫ್ರಾನ್ಸಿನ ಮೊಂತೇನ್ ಕುಂಟರ ಬಗ್ಗೆ ಒಂದು ಪ್ರಬಂಧ ಬರೆದ. ಕುಂಟ ಹೆಣ್ಣಿನ ಸಂಗವೇ ಸುಖ ಅನ್ನುವ ಇಟಲಿಯ ಗಾದೆಯೊಂದನ್ನು ಎತ್ತಿಕೊಂಡು, ಅದಕ್ಕೆ ಪಂಡಿತರು ಕೊಟ್ಟ ಕಾರಣಗಳನ್ನೆಲ್ಲ ಗೇಲಿ ಮಾಡುತ್ತಾನೆ. ಆಮೇಲೆ, ಆ ಗಾದೆ ನಂಬಿ ತನಗೂ ಹಾಗೇ ಅನಿಸಿತ್ತು ಅಂತ ಒಪ್ಪಿಕೊಳ್ಳುತ್ತಾನೆ! (ಆಸಾಮಿ ಪ್ರಾಮಾಣಿಕ.) 1647ರಲ್ಲಿ ತತ್ವಜ್ಞಾನಿ ದೆಕಾರ್ತ್ ಒಂದು ಪತ್ರದಲ್ಲಿ, ಚಿಕ್ಕಂದಿನಲ್ಲಿ ಮೆಳ್ಳೆಗಣ್ಣಿನ ಹುಡುಗಿಯೊಬ್ಬಳನ್ನು ಮೆಚ್ಚಿದ್ದರಿಂದ ಬಹಳ ಕಾಲ ಅಂಥ ಕಣ್ಣಿನವರತ್ತಲೇ ಮನಸ್ಸು ಎಳೆಯುತ್ತಿತ್ತು ಎಂದ.

ಹತ್ತೊಂಬತ್ತನೇ ಶತಮಾನದಲ್ಲಿ ಇದು ವೈದ್ಯರ ಕೈಗೆ ಬಂತು. 1886ರಲ್ಲಿ ಕ್ರಾಫ್ಟ್ ಎಬಿಂಗ್ ಕಾಮದ 'ವಿಕೃತಿ'ಗಳ ದೊಡ್ಡ ಪಟ್ಟಿಯನ್ನೇ ಪುಸ್ತಕ ಮಾಡಿದ. ಮುಂದೆ ಅಮೆರಿಕದ ಜಾನ್ ಮನಿ, ಕೈಕಾಲು ಕತ್ತರಿಸಿದವರತ್ತ ಹುಟ್ಟುವ ಆಸೆಗೆ ಆಕ್ರೋಟೊಮೊಫಿಲಿಯಾ ಅಂತ ಹೆಸರಿಟ್ಟ. ತನ್ನದೇ ಅಂಗ ಕತ್ತರಿಸಿಕೊಳ್ಳುವ ಆಸೆ ಬೇರೆಯೇ, ಅದರ ಬಗ್ಗೆ 1977ರಲ್ಲಿ ಅವನದೊಂದು ಲೇಖನವಿದೆ.

ಈ ವಡಾಲದಲ್ಲಿ ನಾನಿದ್ದ ಹಳೇ ಚಾಳಿನಲ್ಲಿ ಅಪಘಾತದಲ್ಲಿ ಒಂದು ಕಾಲು ಕಳಕೊಂಡ ಹೆಂಗಸೊಬ್ಬರಿದ್ದರು. ಒಬ್ಬಾತ ಮೆಚ್ಚಿ ಮದುವೆಯಾದಾಗ ನಲ್ಲಿಯ ಹತ್ತಿರ ಎರಡೇ ಮಾತು. "ದೊಡ್ಡ ಮನಸ್ಸು" ಅಂದರು ಅರ್ಧ ಜನ, "ತಲೆ ಸರಿಯಿಲ್ಲ" ಅಂದರು ಉಳಿದವರು. ಆಕೆ ಚಂದ ಕಂಡಿರಬಹುದು ಅಂತ ಒಬ್ಬರೂ ಅನ್ನಲಿಲ್ಲ. ಅದೇ ನನಗೆ ಇವತ್ತಿಗೂ ಕಾಡುವುದು.

ಹಾಗಂತ ಇಂಥ ಆಸೆಯೆಲ್ಲ ಸಿಹಿಯೇ ಅಂತಲ್ಲ. ಕಾಲಿಲ್ಲದ ಹೆಂಗಸರ ಫೋಟೋ ಕದ್ದು ತೆಗೆಯುವವರು, ಹಿಂದೆ ಬೀಳುವವರು ಇದ್ದಾರೆ. ಅಂಥವರಿಗೆ ಬೇಕಾದ್ದು ಮೊಂಡುಗಾಲು, ಮನುಷ್ಯಳಲ್ಲ. ಅದನ್ನು ಅನುಭವಿಸಿದ ಅಂಗವಿಕಲ ಹೆಂಗಸರು ಸಿಟ್ಟಿನಿಂದ ಬರೆದದ್ದುಂಟು. ಮೆಚ್ಚುವವರು ಸಿಕ್ಕಿದ್ದಕ್ಕೆ ಖುಷಿಪಟ್ಟವರೂ ಉಂಟು. ಅವರವರ ಮಾತನ್ನು ಅವರವರ ಬಾಯಿಂದಲೇ ಕೇಳಬೇಕು.

ಅಷ್ಟಾವಂಕನಿಗೆ ಕೈಕಾಲು ಹೋಗಿರಲಿಲ್ಲ, ಮೈ ಸೊಟ್ಟ ಅಷ್ಟೇ. ಅಮೃತಮತಿಗೆ ಅವನು ಹಿಡಿಸಿದ್ದು ಆ ಸೊಟ್ಟಿನಿಂದಲೋ, ಸೊಟ್ಟಿದ್ದರೂವೋ? ನನಗನಿಸುವುದು ಎರಡೂ ಅಲ್ಲ. ಅವಳು ಸೋತದ್ದು ಕತ್ತಲಲ್ಲಿ, ಬರೀ ದನಿಗೆ. ಮೈ ಹೇಗಿದೆ ಅಂತ ತಿಳಿದದ್ದೇ ಆಮೇಲೆ. ಒಂದು ದಿನ ತಡವಾಗಿ ಹೋದದ್ದಕ್ಕೆ ಅವನು ಅವಳನ್ನು ಹೊಡೆಯುತ್ತಾನೆ, ಗೊತ್ತಲ್ಲ.. ಮರೆಯಲ್ಲಿ ನಿಂತು ರಾಜ ಅದನ್ನು ನೋಡುತ್ತಾನೆ.