ಆಸ್ಪತ್ರೆಯ ಗೋಡೆಯಿಂದ ಮನೆಯ ಜಗಲಿಗೆ

ನಮ್ಮಲ್ಲಿ ಒಂದು ಮಾತು ರೂಢಿಯಲ್ಲಿದೆ. ಮದುವೆ-ಮುಂಜಿಯಲ್ಲೋ ಸಂಘದ ಯುಗಾದಿ ಕೂಟದಲ್ಲೋ ಹಳೆಯ ಪರಿಚಯದವರು ಸಿಕ್ಕಿ, "ದೊಡ್ಡ ಹುಡುಗ ಈಗ ಎಲ್ಲಿದ್ದಾನೆ?" ಎಂದು ಕೇಳಿದರೆ, ಕೆಲವರು "ಊರಲ್ಲಿದ್ದಾನೆ" ಎಂದಷ್ಟೇ ಹೇಳಿ ಮಾತು ಮರೆಸುತ್ತಾರೆ. ಹುಡುಗ ನಿಜವಾಗಿ ಊರಿನಲ್ಲಿ ಇರುವುದೂ ಉಂಟು; ಇದೇ ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ, ಒಳಕೋಣೆಯ ಬಾಗಿಲ ಹಿಂದೆ ಇರುವುದೂ ಉಂಟು. ಮನಸ್ಸಿನ ಕಾಯಿಲೆ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಹೆಸರು ಹೇಳಬಾರದ ಕಾಯಿಲೆ.

ಇಂಥ ಕಾಯಿಲೆಯವರನ್ನು ಎಲ್ಲಿ ಇಡಬೇಕು, ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ನಮ್ಮ ದೇಶ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಆ ಉತ್ತರಗಳಲ್ಲಿ ಕೆಲವು ಮುಖ್ಯವಾದವು ರೂಪುಗೊಂಡದ್ದು ಕನ್ನಡನಾಡಿನಲ್ಲಿಯೇ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ಮೊದಲ ಉತ್ತರ ಗೋಡೆ. ಬೆಂಗಳೂರಿನಲ್ಲಿ ಮನೋರೋಗಿಗಳಿಗಾಗಿ ಆಶ್ರಯವೊಂದು ಆರಂಭವಾದದ್ದು 1847ರಲ್ಲಿ. ಸರಕಾರಿ ಕಾಗದದಲ್ಲಿ ಅದರ ಹೆಸರು 'ಲುನಾಟಿಕ್ ಅಸೈಲಮ್'; ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರಕಾರ ಆ ಹೆಸರನ್ನು ಕೈಬಿಟ್ಟು 'ಮಾನಸಿಕ ಆಸ್ಪತ್ರೆ' ಎಂದು ಕರೆಯಿತು. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ 1912ರ 'ಲೂನಸಿ ಆಕ್ಟ್' ಜಾರಿಯಲ್ಲಿದ್ದ ಕಾಲದಲ್ಲಿ ಇದು ಸಣ್ಣ ಮಾತೇನಲ್ಲ. 1954ರಲ್ಲಿ ಆಸ್ಪತ್ರೆಗೆ ಸೇರಿದಂತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಹೆಸರು ಬದಲಾಯಿತು, ವಿದ್ಯೆ ಬೆಳೆಯಿತು. ಗೋಡೆ ಮಾತ್ರ ಬಹುಕಾಲ ಉಳಿಯಿತು. ಆಗ ಇಡೀ ಭಾರತದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದ ಹಾಸಿಗೆಗಳು ಸುಮಾರು 20,000. ಕಾಯಿಲೆಯವರಾದರೋ ಲಕ್ಷಗಟ್ಟಲೆ. ಒಳಗೆ ಹೋದವರನ್ನು ಮನೆಯವರು ಮರೆತರು; ಹೊರಗುಳಿದವರನ್ನು ಸರಕಾರ ಮರೆಯಿತು.

ಗೋಡೆಗೆ ಮೊದಲು ಬಾಗಿಲು ತೆರೆದವರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅವರು ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ತಾಯಿ, ತಂದೆ, ಹೆಂಡತಿ ಎಲ್ಲರೂ ಚಿಕಿತ್ಸೆಯನ್ನು ಕಣ್ಣಾರೆ ಕಂಡರು, ಭಯ ಬಿಟ್ಟರು, ಗುಣಮುಖನಾದವನನ್ನು ತಾವೇ ಕರೆದುಕೊಂಡು ಊರಿಗೆ ಹೋದರು. ಕುಟುಂಬವನ್ನು ಹೊರಗಿಟ್ಟು ಮಾಡುವ ಚಿಕಿತ್ಸೆ ಅರ್ಧ ಚಿಕಿತ್ಸೆ ಎಂಬ ಪಾಠವನ್ನು ಆ ಡೇರೆಗಳು ಕಲಿಸಿದವು. 1952ರಲ್ಲಿ ಫ್ರಾನ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಮದ್ದಿನ ಗುಣವನ್ನು ತೋರಿಸಿದ ಮೇಲೆ, ಮಾತ್ರೆ ನುಂಗಿ ಮನೆಯಲ್ಲಿಯೇ ಇರುವುದೂ ಸಾಧ್ಯವಾಯಿತು.

ಆದರೆ ಮನೆಗಳಲ್ಲಿ ನಡೆಯುತ್ತಿದ್ದುದೇನು? ಇದನ್ನು ತಿಳಿಯಲು ಡಾ. ಆರ್. ಎಲ್. ಕಪೂರ್ ಮತ್ತು ಮಾರಿಸ್ ಕಾರ್‌ಸ್ಟೇರ್ಸ್ ಬಂದದ್ದು ನಮ್ಮ ಕರಾವಳಿಯ ಕೋಟಕ್ಕೆ. ಅಲ್ಲಿನ ಬ್ರಾಹ್ಮಣ, ಬಂಟ, ಮೊಗೇರ ಮನೆಗಳನ್ನು ಹೊಕ್ಕು ಅವರು ನಡೆಸಿದ ಅಧ್ಯಯನ 1976ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂತು. ಮನಸ್ಸು ಕೆಟ್ಟಾಗ ಊರವರು ವೈದ್ಯರ ಬಳಿಗೆ, ಮಂತ್ರವಾದಿಯ ಬಳಿಗೆ, ಪಾತ್ರಿಯ ಬಳಿಗೆ, ಡಾಕ್ಟರರ ಬಳಿಗೂ ಹೋಗುತ್ತಿದ್ದರು. ಒಂದಕ್ಕೊಂದು ವಿರೋಧವೆಂದು ಯಾರಿಗೂ ತೋರುತ್ತಿರಲಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಹಣ ಕಳುಹಿಸುತ್ತಿದ್ದ ನಮ್ಮ ಹಿರಿಯರಿಗೆ ಇದರಲ್ಲಿ ಹೊಸತೇನೂ ಕಾಣದು. ಎಷ್ಟೋ ಮನಿಯಾರ್ಡರುಗಳು ಇಂಥ ಅಲೆದಾಟಕ್ಕೇ ಖರ್ಚಾದದ್ದನ್ನು ಅವರು ಬಲ್ಲರು.

ಮುಂದಿನ ಹೆಜ್ಜೆ ಬೆಂಗಳೂರಿನ ದಕ್ಷಿಣಕ್ಕಿರುವ ಸಕಲವಾರ ಎಂಬ ಹಳ್ಳಿಯದು. 1975ರಲ್ಲಿ ನಿಮ್ಹಾನ್ಸ್ ಸಮುದಾಯ ಮಾನಸಿಕ ಆರೋಗ್ಯಕ್ಕೆಂದೇ ಒಂದು ಘಟಕವನ್ನು ತೆರೆದು, ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ನಡೆಸಿತು. ಸುತ್ತಲ ಹಳ್ಳಿಗಳಲ್ಲಿ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಅನೇಕರು ವರ್ಷಗಟ್ಟಲೆ ಚಿಕಿತ್ಸೆಯೇ ಇಲ್ಲದೆ ಉಳಿದಿದ್ದುದು ಕಂಡುಬಂತು. ಮನೋವೈದ್ಯರು ಊರೂರಿಗೆ ಸಿಗುವುದು ಸಾಧ್ಯವಿಲ್ಲ; ಹಾಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಈ ವಿದ್ಯೆಯನ್ನು ಸರಳವಾಗಿ ಕಲಿಸಬಾರದೇಕೆ? ಚಂಡೀಗಢದ ಬಳಿಯ ರಾಯಪುರ ರಾಣಿಯಲ್ಲಿಯೂ ಅದೇ ವರ್ಷಗಳಲ್ಲಿ ಇದೇ ಪ್ರಯೋಗ ನಡೆಯಿತು. ಇವೆರಡರ ಅನುಭವದ ಬುನಾದಿಯ ಮೇಲೆ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಕಾಗದದ ಮೇಲಿನ ಕಾರ್ಯಕ್ರಮವನ್ನು ಒಂದು ಇಡೀ ಜಿಲ್ಲೆಯಲ್ಲಿ ಒರೆಗೆ ಹಚ್ಚಿದ್ದು ಬಳ್ಳಾರಿಯಲ್ಲಿ. 1981ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 15 ಲಕ್ಷ. 1985ರಿಂದ 1990ರವರೆಗೆ ನಿಮ್ಹಾನ್ಸ್ ಮತ್ತು ಕರ್ನಾಟಕ ಸರಕಾರ ಕೂಡಿ ಅಲ್ಲಿ ಮಾಡಿದ ಕೆಲಸದಲ್ಲಿ ಅದ್ಭುತವೆನ್ನುವಂಥದು ಏನೂ ಇರಲಿಲ್ಲ. ಡಾಕ್ಟರರಿಗೂ ಕಾರ್ಯಕರ್ತರಿಗೂ ಅಲ್ಪಕಾಲದ ತರಬೇತಿ, ಬೆರಳೆಣಿಕೆಯ ಅಗತ್ಯ ಮದ್ದುಗಳು ತಪ್ಪದೆ ಸಿಗುವ ಏರ್ಪಾಡು, ಸರಳವಾದ ದಾಖಲೆ ಪುಸ್ತಕ, ತಿಂಗಳಿಗೊಮ್ಮೆ ಪರಿಶೀಲನೆ, ಜಿಲ್ಲಾ ಕೇಂದ್ರದಲ್ಲಿ ಕಠಿಣ ಪ್ರಸಂಗಗಳಿಗೆ ಮನೋವೈದ್ಯರ ತಂಡ. ಮಾತ್ರೆ ಬಿಟ್ಟವನ ಮನೆಗೆ ಕಾರ್ಯಕರ್ತರು ಹೋಗಿ "ಯಾಕಪ್ಪಾ ಬರಲಿಲ್ಲ?" ಎಂದು ವಿಚಾರಿಸುವುದೂ ಈ ಏರ್ಪಾಡಿನ ಒಂದು ಭಾಗ. 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ರಾಜ್ಯಗಳ ಒಂದೊಂದು ಜಿಲ್ಲೆಯಲ್ಲಿ ಆರಂಭಿಸಿದಾಗ ಎದುರಿಗಿಟ್ಟುಕೊಂಡ ಮಾದರಿ ನಮ್ಮ ಬಳ್ಳಾರಿಯದೇ.

ಇಷ್ಟು ಹೇಳಿ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ. ಈ ಎಲ್ಲ ಪ್ರಯೋಗಗಳೂ ಒಂದು ಸಂಗತಿಯನ್ನು ಗೃಹೀತ ಹಿಡಿದಿದ್ದವು: ಮನೆಯಲ್ಲಿ ನೋಡಿಕೊಳ್ಳುವವರು ಇರುತ್ತಾರೆ ಎಂಬುದನ್ನು. ಅವಿಭಕ್ತ ಕುಟುಂಬದಲ್ಲಿ ಅಜ್ಜಿ ಇದ್ದಳು, ಚಿಕ್ಕಪ್ಪ ಇದ್ದ, ನೆರೆಯವರಿದ್ದರು. ಅವರು ಕರಗಿದಂತೆಲ್ಲ ಭಾರವೆಲ್ಲ ಒಬ್ಬ ಮುದಿ ತಾಯಿಯ ಹೆಗಲಿಗೆ ಬಿತ್ತು. ಆ ಹೆಗಲೂ ಸೋತಾಗ ಏನಾಗುತ್ತದೆ ಎಂಬುದನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ತೋರಿಸಿತು. ದರ್ಗಾದ ಬಳಿಯ ಆಶ್ರಯವೊಂದರಲ್ಲಿ ನಸುಕಿನಲ್ಲಿ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿ ಬಿಟ್ಟುಹೋದವರೆಲ್ಲ ಕಟುಕರೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಬಾಗಿಲಿಗೆ ಯಾರೂ ಬಾರದ ಮನೆಯವರು ಅವರು.

ಗೋಡೆ ಮತ್ತು ಮನೆ ಇವೆರಡರ ನಡುವೆ ಇನ್ನೊಂದು ದಾರಿ ಬೇಕೆಂದು ಬಲ್ಲವರೂ ಇದ್ದರು. ಮಂಗಳೂರಿನಲ್ಲಿ ಹುಟ್ಟಿ, ಮದರಾಸಿನ ಮಾನಸಿಕ ಆಸ್ಪತ್ರೆಯನ್ನು ಬಹುವರ್ಷ ನಡೆಸಿದ ಡಾ. ಶಾರದಾ ಮೆನನ್, ನಿವೃತ್ತಿಯ ನಂತರ 1984ರಲ್ಲಿ ಅದೇ ನಗರದಲ್ಲಿ 'ಸ್ಕಾರ್ಫ್' ಸಂಸ್ಥೆಯನ್ನು ಕಟ್ಟಿದರು. ಗುಣ ಕಂಡವರಿಗೆ ಕೈಕಸುಬು, ಹಗಲು ಹೊತ್ತಿನ ಆಸರೆ, ಮನೆಯವರಿಗೆ ತಿಳಿವಳಿಕೆ ಇವು ಅಲ್ಲಿನ ಕೆಲಸ. ಅವರು 2021ರಲ್ಲಿ ತೀರಿಕೊಂಡರು. ಕಾನೂನೂ ನಿಧಾನವಾಗಿ ಹಿಂಬಾಲಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸಂಕೋಲೆಯನ್ನು ನಿಷೇಧಿಸಿತು. ಮನೆಯವರಿಲ್ಲ ಅಥವಾ ಮನೆಯವರು ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಸಮಾಜದ ನಡುವೆ ಬದುಕುವುದು ಅವರ ಹಕ್ಕು ಎಂದು ಸಾರಿತು. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ದೂರವಾಣಿ ಸೇವೆಯಲ್ಲಿ (ಸಂಖ್ಯೆ 14416) ಸಲಹೆ ಕೇಳಲೂಬಹುದು.

ಹಕ್ಕು ಕಾಯಿದೆಯಲ್ಲಿದೆ, ಜೊತೆಗಿರುವ ಕೆಲಸ ಮನುಷ್ಯರದು. 1847ರಿಂದ ಇಂದಿನವರೆಗಿನ ಈ ಕಥೆಯಿಂದ ನಾವು ಕಲಿತದ್ದು ಇಷ್ಟೇ: ರೋಗಿಯನ್ನು ಮನೆಗೆ ಕಳುಹಿಸಿದರೆ ಸಾಲದು, ಆ ಮನೆಯ ಬಾಗಿಲಿಗೆ ಯಾರಾದರೂ ಬರುತ್ತಿರಬೇಕು. ಅಮೃತಸರದಲ್ಲಿ ಆಸ್ಪತ್ರೆ ಮನೆಯವರ ಬಳಿಗೆ ಬಂತು, ಬಳ್ಳಾರಿಯಲ್ಲಿ ಕಾರ್ಯಕರ್ತರು ಬಂದರು. ಊರು ಬಿಟ್ಟು ಬಂದ ನಮ್ಮ ಬಾಗಿಲಿಗೆ ಬರುವವರು ಯಾರು?

"ನಾವು ಹೋದ ಮೇಲೆ ಇವನನ್ನು ನೋಡುವವರಾರು?" ಎಂದು ನಮ್ಮೊಳಗಿನ ಹಿರಿಯ ತಂದೆತಾಯಂದಿರು ರಾತ್ರಿ ನಿದ್ದೆಗೆಟ್ಟು ಕೇಳಿಕೊಳ್ಳುತ್ತಿದ್ದಾರೆ. ಸಂಘಕ್ಕೆ ಆಸ್ಪತ್ರೆ ಕಟ್ಟುವ ಶಕ್ತಿ ಇಲ್ಲ, ಇರಬೇಕಾಗಿಯೂ ಇಲ್ಲ. ವಾರಕ್ಕೊಮ್ಮೆ ಆ ಮನೆಗೆ ಹೋಗಿ ಒಂದು ಗಂಟೆ ಕೂತರೆ ತಾಯಿ ದೇವಸ್ಥಾನಕ್ಕೆ ಹೋಗಿಬಂದಾಳು. ಆಸ್ಪತ್ರೆಯ ಸಾಲಿನಲ್ಲಿ ತಂದೆಯ ಜೊತೆ ನಮ್ಮಲ್ಲೊಬ್ಬರು ನಿಲ್ಲಬಹುದು. ಮುಂದಿನ ಯುಗಾದಿಯ ಕರೆಯೋಲೆಯಲ್ಲಿ ಒಳಕೋಣೆಯ ಹುಡುಗನ ಹೆಸರನ್ನೂ ಬರೆಯಬಹುದು. ಆಗ "ದೊಡ್ಡ ಹುಡುಗ ಎಲ್ಲಿ?" ಎಂದು ಯಾರಾದರೂ ಕೇಳಿದರೆ, "ಇಗೋ, ಇಲ್ಲೇ ಇದ್ದಾನೆ, ಊಟಕ್ಕೆ ಕೂತಿದ್ದಾನೆ" ಎಂದು ಹೇಳುವ ಧೈರ್ಯ ಆ ಮನೆಯವರಿಗೆ ಬಂದೀತು.